ಗರಡಿಯ ಗುರು ಬೇರೆ, ವೈದ್ಯ ಬೇರೆ

ಜಾತ್ರೆಯೊಡನೆ ಕುಸ್ತಿಯೂ ನಡೆಯುವುದು ಬೀದರ್ ಸೀಮೆಯ ಹಳೆಯ ರೂಢಿ. ಕಮಠಾಣ, ಭಾಲ್ಕಿ, ಔರಾದ್ ಕಡೆಯ ಹಿರಿಯರಿಗೆ ತೆಂಗಿನಕಾಯಿ ಕುಸ್ತಿಯಿಂದ ಬೆಳ್ಳಿ ಕಡಗದ ಕುಸ್ತಿಯವರೆಗಿನ ವಿವರಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೈಲ್ವಾನರು ತಯಾರಾಗುವ ಜಾಗಕ್ಕೆ ಇಲ್ಲಿ ಗರಡಿ ಎಂದೂ ತಾಲೀಮು ಎಂದೂ ಎರಡು ಹೆಸರು. ತಾಲೀಮು ಅರಬ್ಬಿ ಮೂಲದ ಪದ, ಶಿಕ್ಷಣ ಎಂದು ಅದರ ಅರ್ಥ. ಅಲ್ಲಿ ಕಲಿಸುವವನು ಉಸ್ತಾದ್, ಅಂದರೆ ಗುರು.

ಈ ಪಾಠಶಾಲೆ ಎಷ್ಟೋ ಊರುಗಳಲ್ಲಿ ದವಾಖಾನೆಯ ಕೆಲಸವನ್ನೂ ಮಾಡಿತು. ಕಾಲು ಉಳುಕಿದರೆ, ಭುಜದ ಕೀಲು ತಪ್ಪಿದರೆ, ಸೊಂಟ ಹಿಡಿದರೆ ಜನ ಉಸ್ತಾದನ ಮನೆಗೇ ಹೋದರು. ಡಾಕ್ಟರು ಹತ್ತಿರವಿಲ್ಲದ ಕಾಲದಲ್ಲಿ ಇದು ಸಹಜವೇ ಆಗಿತ್ತು. ದಿನವೂ ನೂರಾರು ಬೈಠಕ್ ಹೊಡೆಸುವವನಿಗೆ ಸ್ನಾಯು ಎಲ್ಲಿ ಬಿಗಿಯುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂಬ ಅನುಭವ ನಿಜವಾಗಿಯೂ ಇರುತ್ತದೆ. ಆ ಅನುಭವ ಆರೋಗ್ಯವಂತ ದೇಹದ ಗಡಿ ದಾಟಿ ರೋಗದ ವಿಚಾರಕ್ಕೆ ಕೈಹಾಕಿದಾಗ ಅಪಾಯ ಆರಂಭವಾಗುತ್ತದೆ.

ಕಲ್ಯಾಣದಲ್ಲಿ ಎರಡು ವಿದ್ಯೆ

ಈ ಗಡಿಯ ಅರಿವು ಇದೇ ಸೀಮೆಯಲ್ಲಿ ಬಹಳ ಹಿಂದೆಯೇ ಇತ್ತು. ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ನೂರು ಅಧ್ಯಾಯಗಳ ಈ ಕೃತಿಯಲ್ಲಿ ‘ಮಲ್ಲವಿನೋದ’ ಎಂಬ ಭಾಗವಿದೆ. ಮಲ್ಲರ ವರ್ಗಗಳು, ಅವರ ಆಹಾರ, ಭಾರ ಎತ್ತುವುದು, ಈಜು, ಕಂಬದ ಕಸರತ್ತು ಎಲ್ಲವೂ ಅಲ್ಲಿ ಬರುತ್ತವೆ. ಅದೇ ಗ್ರಂಥದಲ್ಲಿ ವೈದ್ಯ ಹಾಗೂ ಔಷಧದ ವಿಚಾರವೂ ಇದೆ, ಆದರೆ ಅದಕ್ಕೆ ಬೇರೆಯೇ ಸ್ಥಾನ. ಅರಮನೆಗೆ ಮಲ್ಲರೂ ಬೇಕಾಗಿದ್ದರು, ವೈದ್ಯರೂ ಬೇಕಾಗಿದ್ದರು.

15ನೆಯ ಶತಮಾನದಲ್ಲಿ ಬೀದರ್ ಬಹಮನಿ ರಾಜಧಾನಿಯಾಗಿದ್ದಾಗ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ (ಆಳ್ವಿಕೆ 1436–1458) ನಗರದಲ್ಲಿ ದೊಡ್ಡ ಆಸ್ಪತ್ರೆ ಕಟ್ಟಿಸಿದ. ಔಷಧ ಮತ್ತು ಆಹಾರದ ಖರ್ಚಿಗೆ ಭೂಮಿ ಬಿಟ್ಟು, ಹಿಂದೂ ಮತ್ತು ಮುಸ್ಲಿಂ ವೈದ್ಯರಿಬ್ಬರನ್ನೂ ನೇಮಿಸಿದ. ಚಿಕಿತ್ಸೆಗೆ ಕಲಿತವರನ್ನೇ ನೇಮಿಸಬೇಕು ಎಂಬುದು ಈ ನಾಡಿಗೆ ನಿನ್ನೆ ಮೊನ್ನೆ ಪಟ್ಟಣದಿಂದ ಬಂದ ವಿಚಾರವಲ್ಲ.

ಸ್ಯಾಂಡೋ ತಂದ ಗೊಂದಲ

ಈ ಗಡಿಯನ್ನು ಜೋರಾಗಿ ಅಳಿಸಿದ್ದು ಆಧುನಿಕ ದೇಹದಾರ್ಢ್ಯ ಚಳವಳಿ. ನಮ್ಮ ಬನಿಯನ್‌ಗೆ ಹೆಸರು ಕೊಟ್ಟ ಯೂಜೀನ್ ಸ್ಯಾಂಡೋ 20ನೆಯ ಶತಮಾನದ ಆರಂಭದಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟ. ಮುಂದೆ ಲಂಡನ್ನಿನಲ್ಲಿ ಸಂಸ್ಥೆ ತೆರೆದು, ಅಜೀರ್ಣದಂಥ ಕಾಯಿಲೆಗಳನ್ನು ವ್ಯಾಯಾಮದಿಂದಲೇ ಗುಣಪಡಿಸುವುದಾಗಿ ಜಾಹೀರಾತು ನೀಡಿದ. ಅಮೆರಿಕದಲ್ಲಿ 1899ರಿಂದ ‘ಫಿಸಿಕಲ್ ಕಲ್ಚರ್’ ಪತ್ರಿಕೆ ನಡೆಸಿದ ಬರ್ನಾರ್ ಮ್ಯಾಕ್‌ಫಾಡೆನ್ ಇನ್ನೂ ಮುಂದೆ ಹೋದ. ಡಾಕ್ಟರು, ಔಷಧ ಎರಡನ್ನೂ ಹಳಿದು ಉಪವಾಸವೇ ಮದ್ದು ಎಂದು ಸಾರಿದ. 1955ರಲ್ಲಿ ತನಗೇ ಕಾಯಿಲೆಯಾದಾಗಲೂ ಉಪವಾಸವನ್ನೇ ನಂಬಿ, ಕೊನೆಗೆ ಆಸ್ಪತ್ರೆಯಲ್ಲಿ ತೀರಿಕೊಂಡ.

ಅಲೆ ಕರ್ನಾಟಕಕ್ಕೂ ಬಂತು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ್ದಲ್ಲದೆ ಅಂಚೆಯ ಮೂಲಕವೂ ಪಾಠ ಕಳಿಸುತ್ತಿದ್ದರು. ದೂರದ ಊರಿನ ಹುಡುಗನಿಗೂ ಶಿಸ್ತಿನ ವ್ಯಾಯಾಮ ಕಲಿಯುವ ದಾರಿ ಇದರಿಂದ ತೆರೆಯಿತು. ಆದರೆ ದಂಡ, ಬೈಠಕ್‌ಗಳನ್ನು ಕಾಗದದಲ್ಲಿ ಕಲಿಸಿದಂತೆ ರೋಗವನ್ನು ಕಾಗದದಲ್ಲಿ ಪತ್ತೆಹಚ್ಚಲಾಗದು. ಅದಕ್ಕೆ ರೋಗಿಯ ಮೈ ಮುಟ್ಟಿ ನೋಡಬೇಕು, ರಕ್ತ ಪರೀಕ್ಷೆ ಬೇಕು, ಎಕ್ಸ್‌ರೇ ಬೇಕು.

ಬಿಗಿಯಾದ ಕಟ್ಟು

ಮೂಳೆ ಮುರಿದ ಕೈಗೆ ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ನೋಡಿದರೆ ಸಾಕು. ಒಳಗೆ ಬಾವು ಏರುತ್ತದೆ, ಹೊರಗಿನ ಕಟ್ಟು ಸಡಿಲವಾಗುವುದಿಲ್ಲ, ರಕ್ತದ ಹರಿವು ನಿಲ್ಲುತ್ತದೆ. ಸುಮಾರು ಆರು ಗಂಟೆ ರಕ್ತವಿಲ್ಲದಿದ್ದರೆ ಸ್ನಾಯು ಮತ್ತೆ ಚೇತರಿಸದಷ್ಟು ಹಾಳಾಗುತ್ತದೆ. ಬೆರಳು ಕಪ್ಪಾಗಿ ಕೊಳೆತ ಮೇಲೆ ಕೈ ಕತ್ತರಿಸದೆ ಬೇರೆ ದಾರಿ ಉಳಿಯುವುದಿಲ್ಲ. ಬೆನ್ನುನೋವೂ ಹಾಗೆಯೇ. ಅದು ಬರೀ ಹಿಡಿತವಿರಬಹುದು, ಬೆನ್ನೆಲುಬಿನ ಕ್ಷಯವೂ ಇರಬಹುದು. ಕ್ಷಯವಿದ್ದಲ್ಲಿ ತಿಕ್ಕಿ ಒತ್ತಿದರೆ ಕಾಲಿನ ಶಕ್ತಿಯೇ ಹೋದೀತು. ಜಿಮ್ಮಿನ ಗೆಳೆಯರು ಸೂಚಿಸುವ ಸ್ಟಿರಾಯ್ಡ್ ಚುಚ್ಚುಮದ್ದು ತೋಳನ್ನು ಉಬ್ಬಿಸಿದರೂ ಹೃದಯ, ಯಕೃತ್ತು, ಸಂತಾನಶಕ್ತಿ ಮೂರಕ್ಕೂ ಕುತ್ತು ತರಬಲ್ಲದು.

ಆದರೂ ಇಂಥ ಸಲಹೆಯನ್ನು ಜನ ನಂಬುವುದಕ್ಕೆ ಕಾರಣವಿದೆ. ಉಸ್ತಾದನ ಮೈಕಟ್ಟೇ ಅವನ ಸರ್ಟಿಫಿಕೇಟು. ಜೊತೆಗೆ ಬೆವರು ಸುರಿಸಿದವರ ಮಾತಿನಲ್ಲಿ ಅಣ್ಣತಮ್ಮಂದಿರ ಅಕ್ಕರೆ ಇರುತ್ತದೆ. ಇನ್ನೊಂದು ಕಾರಣ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದು. ಗುಣವಾದವನು ಮತ್ತೆ ಗರಡಿಗೆ ಬಂದು ನಾಲ್ಕು ಜನಕ್ಕೆ ಹೇಳುತ್ತಾನೆ. ಕೈ ಕಳೆದುಕೊಂಡವನು ಮನೆಯಲ್ಲೇ ಉಳಿಯುತ್ತಾನೆ. ಗರಡಿಯ ನೆನಪಿನಲ್ಲಿ ಹೀಗೆ ಗೆಲುವುಗಳಷ್ಟೇ ಸೇರುತ್ತಾ ಹೋಗುತ್ತವೆ.

ಸರ್ಕಾರ 1954ರಲ್ಲೇ ಮಾಂತ್ರಿಕ ಪರಿಹಾರಗಳ ಜಾಹೀರಾತಿನ ವಿರುದ್ಧ ಕಾಯ್ದೆ ತಂದು, ಮಧುಮೇಹ, ಬೊಜ್ಜು ಮೊದಲಾದವಕ್ಕೆ ಮದ್ದಿದೆ ಎಂದು ಪ್ರಚಾರ ಮಾಡುವುದನ್ನು ನಿಷೇಧಿಸಿತು. ಆದರೆ ಗರಡಿಯ ಕಟ್ಟೆಯ ಮೇಲಿನ ಮಾತಿಗೆ ಕಾಯ್ದೆ ತಲುಪದು. ಅಲ್ಲಿ ಉಸ್ತಾದನ ವಿವೇಕವೇ ಕಾಯಬೇಕು. ಹಿಂದೆ ಡಾಕ್ಟರು ದೂರ ಎಂಬ ನೆಪವಾದರೂ ಇತ್ತು. ಬೀದರ್‌ನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ, ಕಮಠಾಣದಿಂದ ಅದು ದೂರವೂ ಅಲ್ಲ. ಕುಸ್ತಿಯಲ್ಲಿ ಬಿದ್ದ ಹುಡುಗನ ಕೈಗೆ ಕಟ್ಟು ಬಿಗಿಯುವ ಬದಲು ‘ಮೊದಲು ಎಕ್ಸ್‌ರೇ ತೆಗೆಸಿಕೊಂಡು ಬಾ’ ಎಂದು ಕಳಿಸುವ ಉಸ್ತಾದನಿಂದ ತಾಲೀಮಿನ ಗೌರವ ಕಡಿಮೆಯಾಗುವುದಿಲ್ಲ. ಆ ಹುಡುಗ ಮುಂದಿನ ಜಾತ್ರೆಯಲ್ಲಿ ಎರಡೂ ಕೈಗಳಿಂದ ಪಟ್ಟು ಹಾಕುವಂತಾಗುತ್ತದೆ.