ಗಾಜಿನ ಮೇಲಣ ಬರಹ

ಇಪ್ಪತ್ತು ಚಿತ್ರಗಳು, ಒಂದೊಂದಕ್ಕೂ ಇಪ್ಪತ್ತೇ ಸೆಕೆಂಡು. ಹೇಳಬೇಕಾದುದನ್ನೆಲ್ಲ ಅಷ್ಟರಲ್ಲೇ ಹೇಳಿ ಮುಗಿಸತಕ್ಕದ್ದು. 2003ರಲ್ಲಿ ಟೋಕಿಯೋ ನಗರದ ಇಬ್ಬರು ವಾಸ್ತುಶಿಲ್ಪಿಗಳು ಆರಂಭಿಸಿದ ಈ 'ಪೆಚಾಕುಚಾ' ಪದ್ಧತಿಯನ್ನು ಮಗಳು ವಿವರಿಸಿದಾಗ, ನನಗೆ ನೆನಪಾದದ್ದು ನಮ್ಮ ಸೀಮೆಯ ಟೂರಿಂಗ್ ಟಾಕೀಸು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹಳ್ಳಿಗರಿಗೆ ನನ್ನ ಬಾಲ್ಯದಲ್ಲಿ ಸಿನಿಮಾ ಎಂದರೆ ಡೇರೆಯೇ. ಪ್ರೊಜೆಕ್ಟರು ಒಂದೇ. 2,000 ಅಡಿಯ ರೀಲು 22 ನಿಮಿಷಕ್ಕೆ ಮುಗಿಯುವುದು. ಮುಂದಿನದನ್ನು ಏರಿಸುವವರೆಗೆ ಜನ ಸಿಳ್ಳೆ ಹಾಕದಿರಲೆಂದು ಗಾಜಿನ ಸ್ಲೈಡುಗಳನ್ನು ತೋರಿಸುತ್ತಿದ್ದರು. ಅಂಗೈಯಗಲದ ಗಾಜು, ಅದರ ಹಿಂದೆ ಕಾರ್ಬನ್ ಕಡ್ಡಿಗಳ ಉರಿಬೆಳಕು. ಹೆಚ್ಚು ಹೊತ್ತು ನಿಲ್ಲಿಸಿದರೆ ಗಾಜು ಸೀಳುವುದು. ಕಾಲದ ಮಿತಿಯನ್ನು ಗಡಿಯಾರಕ್ಕಿಂತ ಹೆಚ್ಚಾಗಿ ಆ ಶಾಖವೇ ವಿಧಿಸುತ್ತಿತ್ತು.

ಈ ಗಾಜಿನ ವಂಶ ಹಳೆಯದು. 1659ರ ಹೊತ್ತಿಗೆ ಹಾಲೆಂಡಿನ ಹೈಗೆನ್ಸ್ ಮ್ಯಾಜಿಕ್ ಲಾಂಟರ್ನಿನ ರೂಪವನ್ನು ಬರೆದಿಟ್ಟಿದ್ದ. 1892ರಲ್ಲಿ ಕಲ್ಯಾಣದ ಮಹಾದೇವ ಪಟವರ್ಧನರು 'ಶಾಂಬರಿಕ ಖರೋಲಿಕಾ' ಎಂಬ ಹೆಸರಿನಿಂದ ಬಣ್ಣದ ಗಾಜುಚಿತ್ರಗಳಲ್ಲಿ ಪುರಾಣಕಥೆಗಳನ್ನು ತೋರಿಸಿದರು. ಅಲ್ಲಿ ಚಿತ್ರದ ಬದಿಗೆ ಕಥೆ ಹೇಳುವವರಿದ್ದರು. ನಮ್ಮ ಡೇರೆಯಲ್ಲಾದರೋ ಗಾಜೇ ಮಾತನಾಡಬೇಕಿತ್ತು. ಊರಿನ ಬೋರ್ಡು ಬರೆಯುವಾತನೇ ಅದರ ಕವಿ. ಬಟ್ಟೆಯಂಗಡಿಗೊಂದು ಸೀರೆಯ ಸೆರಗು, ಗೊಬ್ಬರದಂಗಡಿಗೊಂದು ತೆನೆ, ಕೆಳಗೆ ಅಂಗಡಿಯ ಹೆಸರು, ಮುಗಿಯಿತು. ಸರ್ಕಾರದ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬಂದರೆ ಅಕ್ಷರ ತಿಳಿಯದವರೂ ಅರ್ಥ ಮಾಡಿಕೊಂಡು ನಾಚಿ ನಗುತ್ತಿದ್ದರು. ನಾನು ಮುಂದೆ ತರಗತಿಯಲ್ಲಿ ತ್ರಿಪದಿಯ ಬಿಗಿಯನ್ನು ಗಂಟೆಗಟ್ಟಲೆ ವಿವರಿಸಿದೆನಲ್ಲ, ಆ ವಿನೋದವನ್ನು ನೀವೇ ಊಹಿಸಿಕೊಳ್ಳಿ!

ಇನ್ನೊಂದು ಬಗೆಯಿತ್ತು, ತುರ್ತಿನದು. ಗಾಜನ್ನು ಸೀಮೆಎಣ್ಣೆ ಬುಡ್ಡಿಯ ಹೊಗೆಗೆ ಹಿಡಿದು, ಮಸಿ ಕಟ್ಟಿದ ಮೇಲೆ ಸೂಜಿಯಿಂದ ಗೀಚುವುದು. ಗೀಚಿದ ಕಡೆ ಬೆಳಕು ಹಾಯ್ದು, ಕರಿಯ ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೂಡುವುವು.

1970ರ ಸುಮಾರಿನಲ್ಲಿ ಕೃಷ್ಣರಾಜನಗರದ ಬಳಿಯ ಡೇರೆಯೊಂದರಲ್ಲಿ ನಾನು ತಂದೆಯವರ ಪಕ್ಕ ಮರಳಿನ ಮೇಲೆ ಕುಳಿತಿದ್ದೆ. ರೀಲು ಮುಗಿದು, ಜಾಹೀರಾತುಗಳ ನಡುವೆ ಅಂಥದೊಂದು ಕಪ್ಪು ಗಾಜು ಬಂತು. ತಂದೆಯವರ ಹೆಸರು, ನಮ್ಮ ಊರು, ಕೆಳಗೆ 'ಹೊರಗೆ ಬನ್ನಿ'. ಅಷ್ಟೇ. ಹೊರಗೆ ಚಿಕ್ಕಪ್ಪ ಸೈಕಲ್ಲು ಹಿಡಿದು ನಿಂತಿದ್ದರು. ಅಜ್ಜಿ ತೀರಿಕೊಂಡಿದ್ದರು.

ಸುದ್ದಿಯೇನೆಂಬುದನ್ನು ಚಿಕ್ಕಪ್ಪ ಆಪರೇಟರಿಗೆ ಹೇಳಿಯೇ ಇದ್ದರಂತೆ. ಗಾಜಿನಲ್ಲಿ ಇನ್ನೊಂದು ಸಾಲಿಗೆ ಧಾರಾಳವಾಗಿ ಜಾಗವಿತ್ತು, ಆತ ಬರೆದಿರಲಿಲ್ಲ. ಅದನ್ನು ತಮ್ಮನ ಬಾಯಿಂದಲೇ ಅಣ್ಣ ಕೇಳಲೆಂದು ಬಿಟ್ಟಿದ್ದ. ನಾವು ರಸ್ತೆಗೆ ಇಳಿಯುವಾಗ ಡೇರೆಯೊಳಗೆ ಮುಂದಿನ ರೀಲು ಓಡತೊಡಗಿತ್ತು.