ನೋಡದೆ ಕೊಂಡ ಸರಕು: ಹಿಂದಿರುಗಿಸುವ ಹಕ್ಕಿನ ಹಿಂದಿನ ಕತೆ

1603ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ಒಂದು ಕಲ್ಲಿನ ವಿಚಾರವಾಗಿ ತೀರ್ಪು ಕೊಟ್ಟಿತು. ಚಾಂಡೆಲರ್ ಎಂಬ ಅಕ್ಕಸಾಲಿಗ ಲೋಪಸ್ ಎಂಬವನಿಗೆ ನೂರು ಪೌಂಡಿಗೆ ಒಂದು ಕಲ್ಲನ್ನು ಮಾರಿದ್ದ. ಮಾರುವಾಗ ಅದನ್ನು ಬೆಜೋರ್ ಎಂದು ಹೇಳಿದ್ದ. ಮೇಕೆಯಂಥ ಪ್ರಾಣಿಗಳ ಹೊಟ್ಟೆಯಲ್ಲಿ ಗಟ್ಟಿಯಾಗಿ ಬೆಳೆಯುವ ಈ ಉಂಡೆ ವಿಷವನ್ನು ಇಳಿಸುತ್ತದೆ ಎಂಬ ನಂಬಿಕೆ ಆಗ ಯುರೋಪಿನಲ್ಲಿ ಬಲವಾಗಿತ್ತು. ಆದರೆ ಕೊಂಡ ಕಲ್ಲು ಬೆಜೋರ್ ಆಗಿರಲಿಲ್ಲ ಎಂಬುದು ಲೋಪಸನ ದೂರು. ನ್ಯಾಯಾಲಯ ಅವನಿಗೆ ಪರಿಹಾರ ಕೊಡಲಿಲ್ಲ. ಮಾರುವವನು ‘ಇದು ಬೆಜೋರ್’ ಎಂದದ್ದು ಬರೀ ಮಾತು. ‘ಇದು ಬೆಜೋರ್ ಎಂಬುದಕ್ಕೆ ನಾನು ಹೊಣೆ’ ಎಂದು ಅವನು ಮಾತು ಕೊಟ್ಟಿದ್ದರೆ, ಇಲ್ಲವೇ ಸುಳ್ಳೆಂದು ಗೊತ್ತಿದ್ದೂ ಮಾರಿದ್ದ ಎಂದು ತೋರಿಸಿದ್ದರೆ ವಿಷಯ ಬೇರೆ ಎಂದಿತು.

‘ಕೊಳ್ಳುವವನೇ ಎಚ್ಚರದಿಂದಿರಲಿ’ ಎಂಬ ಹಳೆಯ ಸೂತ್ರದ ಹಿಂದಿರುವುದು ಇದೇ ತರ್ಕ. ಸಂತೆಯಲ್ಲಿ ನಿಂತು, ಎತ್ತಿನ ಹಲ್ಲು ಎಣಿಸಿ, ಅಕ್ಕಿಯನ್ನು ಅಂಗೈಗೆ ಹಾಕಿಕೊಂಡು ನೋಡಿ ಕೊಳ್ಳುವ ಕಾಲಕ್ಕೆ ಆ ಸೂತ್ರದಲ್ಲಿ ಒಂದಿಷ್ಟು ನ್ಯಾಯವಿತ್ತು. ಕೊಳ್ಳುವವನ ಕಣ್ಣು ಸರಕಿನ ಮೇಲೇ ಇರುತ್ತಿತ್ತು. ಆದರೆ ಸರಕು ಕಣ್ಣಿಗೆ ಬೀಳದೆ, ಅದರ ವರ್ಣನೆಯಷ್ಟೇ ಬೀಳುವಾಗ ಏನು ಮಾಡಬೇಕು? ಇವತ್ತು ಮೊಬೈಲಿನಲ್ಲಿ ಸೀರೆಯೋ ಷೂವೋ ಆರಿಸಿ ತರಿಸುವ ಎಲ್ಲರ ಮುಂದೆ ಇರುವ ಪ್ರಶ್ನೆ ಇದು. ಈ ಪ್ರಶ್ನೆಗೆ ಇಂಟರ್‌ನೆಟ್‌ಗಿಂತ ಬಹಳ ದೊಡ್ಡ ವಯಸ್ಸಿದೆ.

ನಮ್ಮ ಧರ್ಮಶಾಸ್ತ್ರಗಳು ಇದನ್ನು ಎರಡು ಪ್ರಶ್ನೆಗಳಾಗಿ ಬಿಡಿಸಿ ನೋಡಿದವು. ಮೊದಲನೆಯದು ‘ಅನುಶಯ’, ಅಂದರೆ ಕೊಂಡ ಮೇಲೆ ಆಗುವ ಪಶ್ಚಾತ್ತಾಪ. ಎರಡನೆಯದು ದೋಷ ಮತ್ತು ಮೋಸ. ಅರ್ಥಶಾಸ್ತ್ರದಲ್ಲಿ ಮಾರಿದ್ದು, ಕೊಂಡದ್ದನ್ನು ರದ್ದು ಮಾಡುವುದಕ್ಕೆ ಒಂದು ಅಧ್ಯಾಯವೇ ಇದೆ. ನಾರದಸ್ಮೃತಿ ಪಶ್ಚಾತ್ತಾಪಕ್ಕೆ ಬೆಲೆ ಕಟ್ಟುತ್ತದೆ: ಕೊಂಡ ದಿನವೇ ಸರಕನ್ನು ಕೆಡಿಸದೆ ಹಿಂದಿರುಗಿಸಿದರೆ ಸರಿ, ಎರಡನೆಯ ದಿನವಾದರೆ ಬೆಲೆಯ ಮೂವತ್ತರಲ್ಲೊಂದು ಪಾಲನ್ನು ಬಿಟ್ಟುಕೊಡಬೇಕು, ಮೂರನೆಯ ದಿನ ಅದರ ಎರಡರಷ್ಟು, ಆಮೇಲೆ ಸರಕು ಕೊಂಡವನದೇ. ಚೆನ್ನಾಗಿ ಪರೀಕ್ಷಿಸಿ, ಒಪ್ಪಿ ಕೊಂಡದ್ದನ್ನು ಹಿಂದಿರುಗಿಸುವಂತಿಲ್ಲ ಎಂದೂ ಅದು ಹೇಳುತ್ತದೆ. ಆದರೆ ದೋಷವಿಲ್ಲದ್ದನ್ನು ತೋರಿಸಿ ದೋಷವಿರುವುದನ್ನು ಕೊಟ್ಟವನ ವಿಷಯಕ್ಕೆ ಬಂದಾಗ ಅದರ ದನಿ ಬದಲಾಗುತ್ತದೆ. ಅಂಥವನು ಬೆಲೆಯ ಎರಡರಷ್ಟನ್ನು ಕೊಂಡವನಿಗೆ ತೆರಬೇಕು, ಅಷ್ಟೇ ಮೊತ್ತವನ್ನು ದಂಡವಾಗಿಯೂ ಕಟ್ಟಬೇಕು. ಇಲ್ಲಿ ದಿನದ ಲೆಕ್ಕ ಇಲ್ಲ.

ಯಾಜ್ಞವಲ್ಕ್ಯಸ್ಮೃತಿ ಪರೀಕ್ಷೆಯ ಅವಧಿಯನ್ನು ಸರಕಿಗೆ ತಕ್ಕಂತೆ ಹಂಚುತ್ತದೆ. ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು, ಹೊರೆ ಹೊರುವ ಪ್ರಾಣಿಗೆ ಐದು, ರತ್ನಕ್ಕೆ ಏಳು, ಕರೆಯುವ ಹಸುವಿಗೆ ಮೂರು. ಬೀಜ ಮೊಳೆಯುತ್ತದೋ ಇಲ್ಲವೋ ಎಂಬುದು ಒಂದೇ ದಿನಕ್ಕೆ ತಿಳಿಯುವುದಿಲ್ಲ. ಕಬ್ಬಿಣದ ಗುಣ ಬೇಗ ತಿಳಿಯುತ್ತದೆ. ಅದೇ ಪಟ್ಟಿಯಲ್ಲಿ ದಾಸ ದಾಸಿಯರೂ ಸರಕಾಗಿ ಸೇರಿದ್ದಾರೆ. ಅರ್ಥಶಾಸ್ತ್ರದ ಅವಧಿಗಳೂ ವ್ಯಾಪಾರಿ, ಬೇಸಾಯಗಾರ, ಗೊಲ್ಲ ಎಂದು ಆಳು ನೋಡಿ ಬದಲಾಗುತ್ತವೆ. ಹಾಗಾಗಿ ಇದನ್ನು ಪ್ರಾಚೀನ ಗ್ರಾಹಕ ಕಾಯಿದೆ ಎಂದು ಹೊಗಳುವ ಅಗತ್ಯವಿಲ್ಲ. ಆದರೆ ಈ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು, ಕಲ್ಯಾಣದಲ್ಲಿದ್ದವನು. ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಲಂಡನ್ನಿನ ಕಲ್ಲಿನ ವ್ಯಾಜ್ಯಕ್ಕೆ ಸುಮಾರು ಐದು ಶತಮಾನ ಮೊದಲೇ, ಪಶ್ಚಾತ್ತಾಪ ಬೇರೆ, ಮೋಸ ಬೇರೆ ಎಂಬ ತಿಳಿವಳಿಕೆ ನಮ್ಮ ನೆಲದ ಪಂಡಿತರಿಗೆ ಪಾಠದ ಭಾಗವಾಗಿತ್ತು. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಇಂಗ್ಲೆಂಡಿನ ಕಾನೂನು ತನ್ನ ದಾರಿ ಬದಲಿಸಿದ್ದು ವ್ಯಾಪಾರ ದೂರದೂರಕ್ಕೆ ಹಬ್ಬಿದಾಗ. 1815ರಲ್ಲಿ ಲಾರ್ಡ್ ಎಲೆನ್‌ಬರೊ ಎಂಬ ನ್ಯಾಯಾಧೀಶರ ಮುಂದೆ ಹನ್ನೆರಡು ಚೀಲ ಕಚ್ಚಾ ತ್ಯಾಜ್ಯ ರೇಷ್ಮೆಯ ವ್ಯಾಜ್ಯ ಬಂತು. ಲಂಡನ್ನಿನಲ್ಲಿ ಮಾತಾಗಿ, ಮ್ಯಾಂಚೆಸ್ಟರಿಗೆ ತಲುಪಿದ ಸರಕು ಆ ಹೆಸರಿನಲ್ಲಿ ಮಾರಲು ಬಾರದಷ್ಟು ಕಳಪೆಯಾಗಿತ್ತು. ಕೊಳ್ಳುವವನಿಗೆ ಸರಕನ್ನು ಪರಿಶೀಲಿಸುವ ಅವಕಾಶವೇ ಇಲ್ಲದಿದ್ದಾಗ ‘ಅವನೇ ಎಚ್ಚರದಿಂದಿರಲಿ’ ಎಂಬ ಸೂತ್ರ ಅನ್ವಯವಾಗದು ಎಂದು ಎಲೆನ್‌ಬರೊ ತೀರ್ಮಾನಿಸಿದರು. ತಿಪ್ಪೆಗೆ ಸುರಿಯುವುದಕ್ಕೆಂದು ಯಾರೂ ಸರಕು ಕೊಳ್ಳುವುದಿಲ್ಲ ಎಂಬುದು ಅವರ ತರ್ಕ. ಕಣ್ಣಿನ ಜಾಗಕ್ಕೆ ಮಾತು ಬಂದರೆ, ಮಾತೇ ಒಪ್ಪಂದವಾಗಬೇಕು.

1893ರಲ್ಲಿ ಈ ತತ್ವ ಬ್ರಿಟಿಷ್ ಸರಕು ಮಾರಾಟ ಕಾಯಿದೆಯ ಒಂದು ಸೆಕ್ಷನ್ ಆಯಿತು. ಏಳು ವರ್ಷಗಳ ನಂತರದ ಒಂದು ಮೊಕದ್ದಮೆ ಇಂದಿನ ಸೆಕೆಂಡ್‌ಹ್ಯಾಂಡ್ ಜಾಹೀರಾತುಗಳನ್ನು ನೆನಪಿಸುತ್ತದೆ. ಒಬ್ಬಾತ ಪೈರು ಕೊಯ್ಯುವ ಯಂತ್ರವೊಂದನ್ನು ಮಾರಲು ಹೊರಟ. ‘ಹಿಂದಿನ ವರ್ಷವಷ್ಟೇ ಹೊಸದಾಗಿತ್ತು, ಐವತ್ತು ಅರವತ್ತು ಎಕರೆ ಮಾತ್ರ ಕೊಯ್ದಿದೆ’ ಎಂದ. ಕೊಳ್ಳುವವನು ಯಂತ್ರವನ್ನು ನೋಡಿರಲಿಲ್ಲ. ಮಾತು ನಂಬಿ ಒಪ್ಪಿದ. ಬಂದದ್ದು ರಿಪೇರಿ ಮಾಡಿದ ಹಳೆಯ ಯಂತ್ರ. ಅವನು ಅದನ್ನು ಹಿಂದಕ್ಕೆ ಕಳಿಸಿದ. ಮಾರಿದವನು ಹಣಕ್ಕಾಗಿ ದಾವೆ ಹೂಡಿದ. ಅಂತಿಮವಾಗಿ ಗೆದ್ದವನು ಕೊಂಡವನೇ. ಅವನು ಕೊಂಡದ್ದು ಎಲ್ಲೋ ನಿಂತಿದ್ದ ಒಂದು ಯಂತ್ರವನ್ನಲ್ಲ, ಹೇಳಿದ ವರ್ಣನೆಗೆ ಹೊಂದುವ ಯಂತ್ರವನ್ನು.

ಭಾರತದಲ್ಲಿ ನೋಡದೆ ಕೊಳ್ಳುವುದು ಊರೂರಿಗೆ ತಲುಪಿದ್ದು ಅಂಚೆಯಣ್ಣನ ಚೀಲದಲ್ಲಿ. 1877ರಲ್ಲಿ ಶುರುವಾದ ವಿ.ಪಿ.ಪಿ. ವ್ಯವಸ್ಥೆಯಲ್ಲಿ ಅಂಚೆಯವರಿಗೆ ಹಣ ಕೊಟ್ಟು ಪಾರ್ಸೆಲ್ ಬಿಡಿಸಿಕೊಳ್ಳಬೇಕಿತ್ತು. ಇಂದಿನ ಕ್ಯಾಷ್ ಆನ್ ಡೆಲಿವರಿಯ ಅಜ್ಜ ಇದು. ಹಣ ಕೊಟ್ಟ ಮೇಲೆಯೇ ಬಿಚ್ಚಿ ನೋಡುವುದು, ಒಳಗೆ ಏನಿತ್ತೋ ಅದೇ ಭಾಗ್ಯ. ಮೋಸ ಆಗಬಹುದೆಂದು ಸರ್ಕಾರಕ್ಕೂ ಗೊತ್ತಿತ್ತು. 1898ರ ಅಂಚೆ ಕಚೇರಿ ಕಾಯಿದೆಯಲ್ಲಿ, ವಂಚನೆ ನಡೆದ ಪ್ರಸಂಗದಲ್ಲಿ ವಸೂಲಾದ ಹಣವನ್ನು ತಡೆದಿಟ್ಟು ವಿಳಾಸದಾರನಿಗೆ ಮರಳಿಸುವುದಕ್ಕೆ ನಿಯಮ ಮಾಡುವ ಅಧಿಕಾರ ಇತ್ತು. ‘ರೀಫಂಡ್’ ಎಂಬ ಕಲ್ಪನೆ ನಮ್ಮ ಅಂಚೆ ಕಾನೂನಿನಲ್ಲಿ ಆಗಲೇ ಕಾಲಿಟ್ಟಿತ್ತು.

1930ರ ಸರಕು ಮಾರಾಟ ಕಾಯಿದೆಯ 15ನೇ ಸೆಕ್ಷನ್ ವರ್ಣನೆಯ ತತ್ವವನ್ನು ಇಲ್ಲಿಗೂ ತಂದಿತು. ವರ್ಣನೆಯ ಮೇಲೆ ಮಾರಿದ ಸರಕು ಆ ವರ್ಣನೆಗೆ ಹೊಂದಲೇಬೇಕು. ಮಾದರಿ ತೋರಿಸಿ, ಜೊತೆಗೆ ವರ್ಣಿಸಿ ಮಾರಿದ್ದರೆ ಮಾದರಿಗೆ ಹೊಂದಿದರಷ್ಟೇ ಸಾಲದು. ‘ಫೋಟೋದಲ್ಲಿ ಇದ್ದ ಹಾಗೇ ಇದೆಯಲ್ಲ’ ಎಂಬ ಇಂದಿನ ಸಬೂಬಿಗೂ ಇದರಲ್ಲಿ ಉತ್ತರವಿದೆ: ಬಣ್ಣ ಚಿತ್ರದಂತೆಯೇ ಇದ್ದರೂ, ಅಪ್ಪಟ ರೇಷ್ಮೆ ಎಂದು ಬರೆದ ಸೀರೆ ಪಾಲಿಯೆಸ್ಟರ್ ಆಗಿದ್ದರೆ ವರ್ಣನೆ ತಪ್ಪಿದೆ. ಬಂದ ಸರಕನ್ನು ಪರಿಶೀಲಿಸಲು ಸಮಂಜಸ ಅವಕಾಶ ಸಿಗಬೇಕು ಎಂದು 41ನೇ ಸೆಕ್ಷನ್, ಬೇಡವೆಂದು ತಿಳಿಸಿದರೆ ಸಾಕು, ಹೊತ್ತುಕೊಂಡು ಹೋಗಿ ಕೊಡುವ ಹೊಣೆ ಕೊಂಡವನದಲ್ಲ ಎಂದು 43ನೇ ಸೆಕ್ಷನ್ ಹೇಳುತ್ತವೆ.

ಆದರೂ ಸಾಮಾನ್ಯರಿಗೆ ಇದು ದೂರದ ಮಾತೇ ಆಗಿತ್ತು. ಬೇರೆ ಷರತ್ತು ಬರೆದುಕೊಂಡು ಈ ರಕ್ಷಣೆಯನ್ನು ತಪ್ಪಿಸಿಕೊಳ್ಳಲು 62ನೇ ಸೆಕ್ಷನ್ ಬಾಗಿಲು ಬಿಟ್ಟಿತ್ತು. ಒಂದು ಸೀರೆಗಾಗಿ ವಕೀಲರನ್ನು ಹಿಡಿದು ಸಿವಿಲ್ ಕೋರ್ಟಿಗೆ ಅಲೆಯುವವರು ಯಾರು? ಗ್ರಾಹಕನಿಗೆಂದೇ ಪ್ರತ್ಯೇಕ ವೇದಿಕೆ ಬಂದದ್ದು 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯಿಂದ. ರಾಷ್ಟ್ರಪತಿಗಳ ಅಂಕಿತ ಬಿದ್ದ ಡಿಸೆಂಬರ್ 24 ಇಂದು ರಾಷ್ಟ್ರೀಯ ಗ್ರಾಹಕ ದಿನ.

2019ರ ಹೊಸ ಕಾಯಿದೆ, 2020ರ ಇ-ಕಾಮರ್ಸ್ ನಿಯಮಗಳು ಆನ್‌ಲೈನ್ ಅಂಗಡಿಯನ್ನು ನೇರವಾಗಿ ಮಾತಾಡಿಸುತ್ತವೆ. ಸರಕು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ, ಇಲ್ಲವೇ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದಿದ್ದರೆ ಮಾರಾಟಗಾರ ಅದನ್ನು ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸುವಂತಿಲ್ಲ. ವರ್ಣನೆ, ಚಿತ್ರಗಳು ಸರಕಿಗೆ ಹೊಂದುತ್ತವೆ ಎಂದು ಮಾರಾಟ ತಾಣಗಳು ಮಾರಾಟಗಾರರಿಂದ ಮುಚ್ಚಳಿಕೆ ಪಡೆಯಬೇಕು. ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅದಕ್ಕಿಂತ ದೊಡ್ಡ ಬದಲಾವಣೆ ಎಂದರೆ, ಕಂಪನಿ ಎಲ್ಲೇ ಇರಲಿ, ಗ್ರಾಹಕ ತಾನಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ರಾಯಚೂರಿನ ವಿದ್ಯಾರ್ಥಿನಿ ಗುರುಗ್ರಾಮಕ್ಕೆ ರೈಲು ಹತ್ತಬೇಕಿಲ್ಲ.

ಇಲ್ಲಿಯೇ ಆ ಹಳೆಯ ವ್ಯತ್ಯಾಸ ಕೆಲಸಕ್ಕೆ ಬರುವುದು. ತಾಣಗಳು ‘ಏಳು ದಿನ’, ‘ಹತ್ತು ದಿನ’ ಎಂದು ಕೊಡುವ ರಿಟರ್ನ್ ಅವಧಿ ಮೂಲತಃ ಪಶ್ಚಾತ್ತಾಪದ ಅವಧಿ. ಬಣ್ಣ ಒಪ್ಪಲಿಲ್ಲ, ಮನಸ್ಸು ಬದಲಾಯಿತು ಎಂಬುದಕ್ಕೆ. ಯುರೋಪಿನ ಒಕ್ಕೂಟದಲ್ಲಿ ಇದಕ್ಕೂ ಹದಿನಾಲ್ಕು ದಿನಗಳ ಕಾನೂನುಬದ್ಧ ಹಕ್ಕಿದೆ. ನಮ್ಮಲ್ಲಿ ಇದು ಬಹುಮಟ್ಟಿಗೆ ಅಂಗಡಿಯ ಔದಾರ್ಯ. ಆದರೆ ಹೇಳಿದ್ದೊಂದು ಕೊಟ್ಟದ್ದೊಂದು ಆದಾಗ ಹಿಂದಿರುಗಿಸುವುದು ಔದಾರ್ಯದ ವಿಷಯವಲ್ಲ, ಹಕ್ಕು. ‘ರಿಟರ್ನ್ ವಿಂಡೋ ಮುಗಿದಿದೆ’ ಎಂಬ ಒಂದು ಸಾಲಿನ ಉತ್ತರ ಎರಡನ್ನೂ ಒಂದೇ ಚೀಲಕ್ಕೆ ಹಾಕುತ್ತದೆ. ಅದನ್ನು ಓದಿ ಸುಮ್ಮನಾಗುವ ನಾವೂ ಹಾಗೆಯೇ ಮಾಡುತ್ತೇವೆ.

ಹಾಗೆಂದು ಹಕ್ಕು ತಾನಾಗಿ ಉಳಿಯುವುದಿಲ್ಲ. ಬಹಳ ಕಾಲ ಮಾತಾಡದೆ ಇಟ್ಟುಕೊಂಡರೆ ಸರಕನ್ನು ಒಪ್ಪಿದಂತೆ ಎಂದು 1930ರ ಕಾಯಿದೆ ಭಾವಿಸುತ್ತದೆ. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಮಿತಿ ಇದೆ. ಕೊಂಡ ದಿನದ ವರ್ಣನೆಯ ಸ್ಕ್ರೀನ್‌ಶಾಟ್, ಬಿಲ್ಲು, ಪಾರ್ಸೆಲ್ ಬಿಚ್ಚುವಾಗಿನ ಚಿತ್ರ, ಬರವಣಿಗೆಯಲ್ಲಿ ಕೊಟ್ಟ ದೂರು ಇವು ಕೈಯಲ್ಲಿರಬೇಕು. ತಾಣ ಸ್ಪಂದಿಸದಿದ್ದರೆ 1915 ಸಂಖ್ಯೆಯ ಸಹಾಯವಾಣಿ ಇದೆ, ಅದರಾಚೆಗೆ ಆಯೋಗವಿದೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ.

ಮಾರುವವನ ಮಾತು ‘ಬರೀ ಮಾತು’ ಎಂದು ಹೇಳಿದ 1603ರ ತೀರ್ಪಿನಿಂದ, ಆ ಮಾತೇ ಒಪ್ಪಂದ ಎನ್ನುವ ಇಂದಿನ ನಿಯಮದವರೆಗೆ ನಾನೂರು ವರ್ಷಗಳ ದಾರಿ ಸವೆದಿದೆ. ಸವೆಸಿದವರಲ್ಲಿ ನ್ಯಾಯಾಧೀಶರು, ಶಾಸಕರು ಇದ್ದಾರೆ. ಆದರೆ ಪ್ರತಿ ಹೆಜ್ಜೆಯ ಹಿಂದೆ ಒಬ್ಬ ಗಿರಾಕಿ ಇದ್ದಾನೆ: ಕಲ್ಲನ್ನೋ, ರೇಷ್ಮೆಯನ್ನೋ, ಯಂತ್ರವನ್ನೋ ಎದುರಿಗಿಟ್ಟು ‘ನೀವು ಹೇಳಿದ್ದು ಇದಲ್ಲ’ ಎಂದು ಹಟ ಹಿಡಿದವನು.