ದಂಡಿನ ಲೆಕ್ಕವೂ ಕಾರ್ಖಾನೆಯ ಲೆಕ್ಕವೂ

ಯುದ್ಧವೆಂದರೆ ಶೌರ್ಯದ ಮಾತೆಂದು ನಾವು ಕಾವ್ಯಗಳಲ್ಲಿ ಓದಿರುವೆವು. ಆದರೆ ಆಧುನಿಕ ಯುದ್ಧದಲ್ಲಿ ಲೆಕ್ಕಪತ್ರದ ಮಹತ್ವವೂ ಅದಕ್ಕೆ ಕಡಮೆಯಾದುದಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಮಾನದಳವು ಅತಿಶೀಘ್ರವಾಗಿ ಬೆಳೆದಾಗ, ಯಾವ ನೆಲೆಯಲ್ಲಿ ಎಷ್ಟು ವಿಮಾನಗಳಿವೆ, ಅವುಗಳಲ್ಲಿ ಹಾರಲು ಯೋಗ್ಯವಾದುವು ಎಷ್ಟು, ಯಾವ ಬಿಡಿಭಾಗ ಎಲ್ಲಿದೆ ಎಂಬುದನ್ನು ತಿಳಿಯುವುದೇ ಅಧಿಕಾರಿಗಳಿಗೆ ಕಷ್ಟವಾಯಿತು. ಇದನ್ನು ಪರಿಹರಿಸಲು 1942ರಲ್ಲಿ ಚಾರ್ಲ್ಸ್ ಥಾರ್ನ್‌ಟನ್ ಎಂಬ ತರುಣನ ಕೈಕೆಳಗೆ ಸಂಖ್ಯಾನಿಯಂತ್ರಣದ ಇಲಾಖೆಯೊಂದು ಏರ್ಪಟ್ಟಿತು. ಅದರ ಅಧಿಕಾರಿಗಳಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಣಿಜ್ಯಶಾಲೆಯಲ್ಲಿ ಶಿಕ್ಷಣವಾಯಿತು. ಮೊದಲು ಎಣಿಸುವುದು, ಆಮೇಲೆ ಹೋಲಿಸುವುದು, ಕಡೆಗೆ ನಿರ್ಣಯಿಸುವುದು, ಇದೇ ಅವರ ಕ್ರಮ.

ಯುದ್ಧಾನಂತರ ಥಾರ್ನ್‌ಟನ್ನನೂ ಅವನ ಒಂಬತ್ತು ಮಂದಿ ಜೊತೆಗಾರರೂ ಒಟ್ಟಾಗಿಯೇ ಕೆಲಸಕ್ಕೆ ಸೇರಬೇಕೆಂದು ನಿಶ್ಚಯಿಸಿ, 1946ರಲ್ಲಿ ಫೋರ್ಡ್ ಮೋಟಾರು ಸಂಸ್ಥೆಯನ್ನು ಹೊಕ್ಕರು. ಸಂಸ್ಥೆಯು ಆಗ ತಿಂಗಳು ತಿಂಗಳಿಗೂ ಲಕ್ಷಾಂತರ ಡಾಲರುಗಳ ನಷ್ಟದಲ್ಲಿದ್ದಿತು. ಹಿರಿಯ ಹೆನ್ರಿ ಫೋರ್ಡನಿಗೆ ಲೆಕ್ಕಿಗರೆಂದರೆ ತಾತ್ಸಾರ. ಒಂದು ವಿಭಾಗದಲ್ಲಿ ಬಿಲ್ಲುಗಳನ್ನು ತಕ್ಕಡಿಯಲ್ಲಿ ತೂಗಿ, ಕೊಡಬೇಕಾದ ಹಣವನ್ನು ಅಂದಾಜುಮಾಡುತ್ತಿದ್ದರೆಂಬ ಕಥೆಯೂ ಉಂಟು. 1945ರಲ್ಲಿ ಅಧ್ಯಕ್ಷನಾಗಿದ್ದ ಅವನ ಮೊಮ್ಮಗ ಎರಡನೆಯ ಹೆನ್ರಿಯು ಈ ಹತ್ತು ಮಂದಿಯನ್ನು ಬರಮಾಡಿಕೊಂಡನು. ಅವರು ಇಲಾಖೆ ಇಲಾಖೆಗೂ ಹೋಗಿ ಪ್ರಶ್ನೆಗಳನ್ನು ಕೇಳಿದರು. ಜನರಲ್ ಮೋಟಾರ್ಸಿನಿಂದ ಬಂದ ಅನುಭವಿಗಳೊಡನೆ ಸೇರಿ ಆಯವ್ಯಯದ ಅಂದಾಜನ್ನೂ ವೆಚ್ಚದ ಹತೋಟಿಯನ್ನೂ ನೆಲೆಗೊಳಿಸಿದರು. ಸಂಸ್ಥೆ ಚೇತರಿಸಿಕೊಂಡಿತು. ಆ ಹತ್ತು ಮಂದಿಯಲ್ಲಿ ಇಬ್ಬರು ಮುಂದೆ ಅದರ ಅಧ್ಯಕ್ಷರಾದರು. ಮೊದಲನೆಯವನು ರಾಬರ್ಟ್ ಮ್ಯಾಕ್‌ನಮಾರಾ.

ಕಥೆ ಇಲ್ಲಿಗೇ ಮುಗಿದಿದ್ದರೆ ಅದರ ನೀತಿ ಸುಲಭವಾಗಿರುತ್ತಿದ್ದಿತು. 1960ರ ನವೆಂಬರಿನಲ್ಲಿ ಅಧ್ಯಕ್ಷನಾದ ಮ್ಯಾಕ್‌ನಮಾರಾ 1961ರ ಜನವರಿಯಲ್ಲಿ ಅಮೆರಿಕದ ರಕ್ಷಣಾಮಂತ್ರಿಯಾದನು. ದಂಡಿನಿಂದ ಕಾರ್ಖಾನೆಗೆ ಬಂದ ಕ್ರಮವು ಹೀಗೆ ದಂಡಿಗೇ ಮರಳಿತು. ವಿಯೆಟ್ನಾಮಿನ ಯುದ್ಧದಲ್ಲಿ ಮುನ್ನಡೆಯನ್ನು ಅಳೆಯಲು ಸತ್ತ ಶತ್ರುಗಳ ಎಣಿಕೆಯು ಮುಖ್ಯವಾದ ಮಾನವಾಯಿತು. ಮೇಲಿನವರು ದೊಡ್ಡ ಸಂಖ್ಯೆಯನ್ನು ಬಯಸಿದರೆಂದು ಕೆಳಗಿನವರು ಅನೇಕ ವೇಳೆ ಅದನ್ನು ಹಿಗ್ಗಿಸಿ ಬರೆದರು. ಎಣಿಕೆ ಬೆಳೆಯಿತು, ಗೆಲವು ಮಾತ್ರ ಬರಲಿಲ್ಲ. ಎದುರಾಳಿಗಳ ಛಲವನ್ನು ಬರೆದಿಡಲು ಆ ಪಟ್ಟಿಗಳಲ್ಲಿ ಜಾಗವೇ ಇರಲಿಲ್ಲ. 1968ರಲ್ಲಿ ಪದವಿಯನ್ನು ಬಿಟ್ಟ ಆತನು, 1995ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಆ ಯುದ್ಧದ ನೀತಿ ತಪ್ಪಾಗಿದ್ದಿತೆಂದು ಒಪ್ಪಿಕೊಂಡನು.

ಆದುದರಿಂದ ಎಣಿಸುವುದೇ ದೋಷವೆಂದು ಹೇಳಲಾಗದು. ಬಿಡಿಭಾಗಗಳ ಗೊಂದಲವನ್ನೂ ಫೋರ್ಡ್ ಸಂಸ್ಥೆಯ ನಷ್ಟವನ್ನೂ ಪರಿಹರಿಸಲು ನೆರವಾದುದು ಆ ಎಣಿಕೆಯೇ ಅಷ್ಟೆ. ಆದರೆ ಅಂಗಡಿಯನ್ನಾಗಲಿ ರಾಜ್ಯವನ್ನಾಗಲಿ ನಡೆಸುವವನು, ಪಟ್ಟಿಯನ್ನು ಓದಿದ ಮೇಲೆ, ಅದರಲ್ಲಿ ಬರೆಯದೆ ಉಳಿದುದು ಏನೆಂಬುದನ್ನೂ ವಿಚಾರಿಸಬೇಕು.